ಕೊಸರಿಗೆ ಹಾಕಿದ ಫ್ಲಾಪಿ

ನನ್ನ ಅಂಗಡಿಗೆ ಬರುವವರು ಈಚೆಗೆ ಒಂದು ಮಾತು ಆಡಿಕೊಳ್ಳುತ್ತಾರೆ. ತೂಕ ಸರಿಯಾಗಿದೆ, ಮಾಲು ಚೆನ್ನಾಗಿದೆ, ಆದರೆ ಈತನ ಕೈ ಮೊದಲಿನ ಹಾಗೆ ಬಿಚ್ಚುವುದಿಲ್ಲ ಎಂದು. ನಿಜ. ಮೂರು ತಿಂಗಳಿಂದ ನಾನು ಕೊಸರು ಹಾಕಿಲ್ಲ. ಬೆಲ್ಲ ತೂಗಿದ ಮೇಲೆ ಒಂದು ಚೂರು, ಕಡಲೆ ತೂಗಿದ ಮೇಲೆ ಒಂದು ಚಿಟಿಕೆ, ತಕ್ಕಡಿ ಸಮಕ್ಕೆ ನಿಂತ ಮೇಲೂ ಗಿರಾಕಿಯ ಚೀಲಕ್ಕೆ ಬೀಳುವ ಆ ಒಂದಿಷ್ಟು ಇಲ್ಲದೆ ಸೊರಬದಲ್ಲಿ ಯಾರೂ ಕಿರಾಣಿ ವ್ಯಾಪಾರ ಮಾಡಿಲ್ಲ. ನಮ್ಮಪ್ಪನೂ ಮಾಡಿರಲಿಲ್ಲ. ನನ್ನ ಕೈ ಈಗಲೂ ಡಬ್ಬಿಯ ಕಡೆ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಯಾಕೆ ಎಂದು ಕೇಳಿದವರಿಗೆ ಏನೋ ಒಂದು ಹೇಳಿ ಸಾಗಹಾಕುತ್ತೇನೆ. ಇಲ್ಲಿ ಸಾಗಹಾಕುವುದಿಲ್ಲ.

ಮೂರು ತಿಂಗಳ ಹಿಂದೆ ನನ್ನ ತಂಗಿಯನ್ನು ಮಣ್ಣು ಮಾಡಿದೆವು. ಅವಳಿಗೆ ಮೂವತ್ತೊಂದು ವರ್ಷ. ಮೊದಲು ಕಾಮಾಲೆ ಎಂದರು, ಆಮೇಲೆ ಲಿವರಿಗೆ ಇಳಿದಿದೆ ಎಂದರು. ಹದಿನೆಂಟು ದಿನಕ್ಕೆ ಮುಗಿಯಿತು.

ಅಪ್ಪ ತೀರಿಕೊಂಡಾಗ ನಾನು ಆರನೇ ಕ್ಲಾಸಿನಲ್ಲಿದ್ದೆ, ಅವಳು ತೊಟ್ಟಿಲಲ್ಲಿದ್ದಳು. ನಾನು ಶಾಲೆ ಬಿಟ್ಟು ಗಲ್ಲಾದ ಮುಂದೆ ಕೂತೆ. ಅವಳು ಓದಿದಳು. ಅದರಲ್ಲಿ ನನಗೆ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಹೆಮ್ಮೆಯ ಅಡಿಯಲ್ಲಿ ಇನ್ನೂ ಏನೋ ಇತ್ತು, ಅದನ್ನು ನಾನು ಯಾವತ್ತೂ ಕೆದಕಿ ನೋಡಲಿಲ್ಲ.

ಅವಳು ಲೆಕ್ಕ ಮಾಡುವಾಗ ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಓಡುತ್ತಿತ್ತು, ತುಟಿ ಅಲುಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಅದು ಬಿಡಲಿಲ್ಲ. ಯಂತ್ರ ಕೂಡಿಸಿದ್ದನ್ನು ಬೆರಳಲ್ಲಿ ಇನ್ನೊಮ್ಮೆ ಕೂಡಿಸಿ ನೋಡುತ್ತಿದ್ದಳು. ಅಪ್ಪನ ಗಡಿಯಾರ ಕಟ್ಟಿಕೊಳ್ಳುತ್ತಿದ್ದಳು. ಪಟ್ಟಿಗೆ ಎರಡು ತೂತು ಹೆಚ್ಚಿಗೆ ಹಾಕಿಸಿದರೂ ಅದು ಮೊಣಕೈಯವರೆಗೆ ಜಾರುತ್ತಿತ್ತು, ಮಾತಿನ ನಡುವೆ ಕೈ ಕೊಡವಿ ಅದನ್ನು ಕೆಳಗೆ ತಂದುಕೊಳ್ಳುತ್ತಿದ್ದಳು. ಬಸ್ಸಿನ ಟಿಕೆಟ್ಟಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆಯುತ್ತಿದ್ದಳು. ಅವಳನ್ನು ನೋಡಲು ಬಂದ ಗಂಡುಗಳಿಗೆ ಅವಳೇ ಪ್ರಶ್ನೆ ಕೇಳುತ್ತಿದ್ದಳು. ಒಬ್ಬ, ನನ್ನದು ಗೊಬ್ಬರದ ಅಂಗಡಿ ಎಂದಾಗ, "ಯಾವ ತಿಂಗಳಲ್ಲಿ ಯಾವ ಗೊಬ್ಬರ ಜಾಸ್ತಿ ಹೋಗತ್ತೆ?" ಎಂದು ಕೇಳಿದಳು. ಅವನು ನೆನಪು ಮಾಡಿಕೊಳ್ಳುತ್ತ ಕೂತ. ಉಪ್ಪಿಟ್ಟು ಆರಿತು. ಆ ಸಂಬಂಧವೂ ಆರಿತು.

ಅವಳು ಏಳನೇ ಕ್ಲಾಸಿನಲ್ಲಿದ್ದಾಗಿನ ಒಂದು ಸಂತೆಯ ದಿನ ನನಗೆ ಮರೆಯುವುದಿಲ್ಲ. ಶಾಲೆಗೆ ರಜೆ ಇತ್ತು. ಅವಳು ನನ್ನ ಬೆನ್ನ ಹಿಂದೆ ಅಕ್ಕಿ ಮೂಟೆಯ ಮೇಲೆ ಕೂತು ತೊಡೆಯ ಮೇಲೆ ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದಳು. ನಾನು ಯಾರಿಗೆ ಎಷ್ಟು ಕೊಸರು ಹಾಕಿದೆನೋ ಅಷ್ಟನ್ನೇ ತಾನೂ ಎತ್ತಿ ಡಬ್ಬಿಗೆ ಹಾಕುತ್ತ ಹೋದಳು. ಸಂಜೆ ಡಬ್ಬಿಯನ್ನು ನನ್ನ ಮುಂದಿಟ್ಟಳು. ಬೇಳೆ, ಬೆಲ್ಲ, ಕಡಲೆ, ಗೋಡಂಬಿ ಎಲ್ಲ ಕಲಸಿಕೊಂಡು ಡಬ್ಬಿ ಬಾಯಿತನಕ ತುಂಬಿತ್ತು.

"ಅಣ್ಣ, ಇವತ್ತು ನೀನು ಬಿಟ್ಟಿ ಕೊಟ್ಟಿದ್ದು ಇಷ್ಟು."

"ಬಿಟ್ಟಿ ಅಲ್ಲ ಕಣೇ ಅದು, ಕೊಸರು. ಅದಕ್ಕೇ ಜನ ಬರೋದು."

"ಬರ್ಲಿ. ಯಾರಿಗೆ ಎಷ್ಟು ಹಾಕ್ದೆ ಹೇಳು ನೋಡಣ."

ಅವಳೇ ಬೆರಳಿನ ಗೆರೆ ಎಣಿಸುತ್ತ ಹೇಳಿದಳು. ಕಾಲು ಕೇಜಿ ಕಡಲೆ ತಗೊಂಡ ಅಜ್ಜಿಗೆ ನಾಲ್ಕು ಕಾಳು. ಹತ್ತು ಕೇಜಿ ಸಕ್ಕರೆ ತಗೊಂಡ ದೊಡ್ಡ ಮನೆಯವರಿಗೆ ಒಂದು ಹಿಡಿ ಗೋಡಂಬಿ.

"ಇದ್ದವ್ರಿಗೇ ಜಾಸ್ತಿ ಹಾಕ್ತೀಯಲ್ಲ, ಯಾಕೆ?"

"ಅವ್ರು ದೊಡ್ಡ ಗಿರಾಕಿ ಮಾರಾಯ್ತಿ."

"ಅವ್ರು ಕೊಸರು ಹಾಕ್ದಿದ್ರೂ ಬರ್ತಾರೆ. ಈ ಅಜ್ಜಿ ಬರಲ್ಲ."

ನಾನು ಜೋರಾಗಿ ನಕ್ಕು, ಇವಳನ್ನು ವಕೀಲಿ ಓದಿಸೋಣ ಎಂದೆ. ಡಬ್ಬಿಯಲ್ಲಿದ್ದದ್ದನ್ನು ಬೇರ್ಪಡಿಸಲಾಗದೆ ನಮ್ಮ ಮನೆಯವಳು ಅದನ್ನೆಲ್ಲ ಬೇಯಿಸಿ ಎಮ್ಮೆಗೆ ಹಾಕಿದಳು. ಆ ಎಮ್ಮೆ ಎರಡು ದಿನ ನಮ್ಮ ತಂಗಿಯನ್ನು ಕಂಡರೆ ಕುತ್ತಿಗೆ ಚಾಚುತ್ತಿತ್ತು.

ಪಿಯುಸಿ ಆದ ಮೇಲೆ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಒಂದು ವರ್ಷ ಕಂಪ್ಯೂಟರ್ ಕಲಿತಳು. ಆಮೇಲೆ ಶಿಕಾರಿಪುರದ ಮಾರುಕಟ್ಟೆಯ ಒಂದು ದಲಾಲಿ ಮಂಡಿಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ನಾಲ್ಕು ವರ್ಷ ಚೀಟಿ ಬರೆದಳು. ಯಾವ ಊರಿನ ಮಾಲು, ಎಷ್ಟು ಚೀಲ, ಯಾವ ದರಕ್ಕೆ ಹೋಯಿತು ಎಂಬುದಿಷ್ಟೇ ಆ ಚೀಟಿಯಲ್ಲಿ ಇರುತ್ತಿದ್ದದ್ದು. ವರ್ಷ ಮುಗಿದ ಮೇಲೆ ಚೀಟಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕುತ್ತಿದ್ದರು. ಅದನ್ನು ಅವಳು ಸಹಿಸುತ್ತಿರಲಿಲ್ಲ. "ಅಣ್ಣ, ಇಡೀ ತಾಲೂಕಿನ ಬುದ್ಧಿ ಇಲಿ ಪಾಲಾಗ್ತಿದೆ" ಎನ್ನುತ್ತಿದ್ದಳು.

ತೊಂಬತ್ತಾರರಲ್ಲಿ ಬ್ಯಾಂಕಿನ ಸಾಲಕ್ಕೆ ನಾನು ಜಾಮೀನು ಹಾಕಿದೆ. ಮಾರುಕಟ್ಟೆಯ ಹಿಂದೆ, ಬೀಜದ ಅಂಗಡಿಯ ಪಕ್ಕ, ಒಂದು ಕೋಣೆ ಹಿಡಿದು ಅವಳು ಕಂಪ್ಯೂಟರ್ ಇಟ್ಟಳು. ಅವಳೇ ಕೂತು ಒಂದು ಪ್ರೋಗ್ರಾಂ ಬರೆದಳು. ದಿನದ ಚೀಟಿಗಳನ್ನು ಅದಕ್ಕೆ ಹಾಕುತ್ತ ಹೋದರೆ, ಅದು ಎಲ್ಲವನ್ನೂ ಕೂಡಿಸಿ, ಒಂದಕ್ಕೊಂದು ಹೋಲಿಸಿ, ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಕೊಡುತ್ತಿತ್ತು. ಜಡೆ ಊರಿನ ಕಡೆಯ ಭತ್ತ ಯಾವ ವಾರ ಹೆಚ್ಚು ಬರುತ್ತದೆ, ಕುಪ್ಪಗಡ್ಡೆಯ ಅಡಿಕೆಗೆ ದರ ಯಾವಾಗ ಏರಿತ್ತು, ಯಾವ ಊರಿನ ಮಾಲು ನಮ್ಮ ಮಂಡಿ ಬಿಟ್ಟು ಬೇರೆ ಕಡೆ ತಿರುಗುತ್ತಿದೆ, ಎಲ್ಲ ಅದರಲ್ಲಿ ಕಾಣುತ್ತಿತ್ತು. ವ್ಯಾಪಾರಿಯ ತಲೆಯಲ್ಲಿ ಮಸುಕು ಮಸುಕಾಗಿ ಇದ್ದದ್ದು ಅಲ್ಲಿ ಎದ್ದು ನಿಲ್ಲುತ್ತಿತ್ತು. ಅದಕ್ಕೆ ಅವಳು ದೊಡ್ಡ ಹೆಸರನ್ನೇನೂ ಇಡಲಿಲ್ಲ. ಹಾಳೆ ಎನ್ನುತ್ತಿದ್ದಳು.

ಹಾಳೆ ಮಾಡುವುದು ಅವಳಿಗೆ ಕಷ್ಟವಾಗಲಿಲ್ಲ. ಎಷ್ಟು ಬಿಟ್ಟಿ ಕೊಡಬೇಕು, ಎಲ್ಲಿಂದಾಚೆಗೆ ದುಡ್ಡು ಕೇಳಬೇಕು ಎಂಬುದೇ ಅವಳ ನಿದ್ದೆ ಕೆಡಿಸಿತು. ಕಂಪ್ಯೂಟರ್ ಇದ್ದ ವ್ಯಾಪಾರಿಗಳು ಎರಡು ತಾಲೂಕಿಗೂ ಸೇರಿ ಬೆರಳೆಣಿಕೆಯಷ್ಟು. ನೋಡದೆ ಅವರು ಕೊಳ್ಳುವುದಿಲ್ಲ. ಮೊದಲು ಮೂರು ತಿಂಗಳು ಎಲ್ಲವನ್ನೂ ಬಿಟ್ಟಿ ಕೊಟ್ಟಳು. ರುಚಿ ಹತ್ತಿದ ಮೇಲೆ ಕೊಳ್ಳುತ್ತಾರೆ ಎಂಬ ಲೆಕ್ಕ. ಮೂರು ತಿಂಗಳಾದ ಮೇಲೆ ದುಡ್ಡು ಕೇಳಿದರೆ ಮಂಡಿಯವರೊಬ್ಬರು, "ಇಷ್ಟು ದಿನ ಬಿಟ್ಟಿ ಇದ್ದದ್ದಕ್ಕ ಈಗ ಯಾಕವ್ವಾ ರೊಕ್ಕ? ಇದೇನು ಮದುವಿ ಆದ ಮ್ಯಾಲೆ ವರದಕ್ಷಿಣಿ ಕೇಳಿದಂಗಾತಲ್ಲ!" ಎಂದು ಎಲ್ಲರನ್ನೂ ನಗಿಸಿದರು. ಅವಳು ಹಾಳೆಯನ್ನು ಕತ್ತರಿಸಿ ಎರಡು ದಿನದ ಲೆಕ್ಕ ಮಾತ್ರ ಕಾಣುವ ಹಾಗೆ ಮಾಡಿದಳು. ಅದನ್ನು ಯಾರೂ ತೆರೆದೂ ನೋಡಲಿಲ್ಲ.

ಆಗ ಅವಳು ಬೇರೆಯವರ ಬಿಟ್ಟಿಯನ್ನು ನೋಡುತ್ತ ತಿರುಗತೊಡಗಿದಳು. ಹೂವಿನವಳು ಮಾರು ಹಾಕಿದ ಮೇಲೆ ಎಷ್ಟು ಬೆರಳು ಹೆಚ್ಚಿಗೆ ಬಿಡುತ್ತಾಳೆ, ಮಂಡಕ್ಕಿಯವನು ಅಂಗೈಗೆ ಎಷ್ಟು ಖಾರ ಹಾಕಿ ರುಚಿ ತೋರಿಸುತ್ತಾನೆ ಎಂದೆಲ್ಲ. ಮಂಡಕ್ಕಿ ಅವಳಿಗೆ ಪ್ರಾಣ. ರುಚಿ ನೋಡುವ ನೆಪದಲ್ಲಿ ಎರಡು ಸುತ್ತು ಹೆಚ್ಚಿಗೇ ಹೊಡೆದಳು ಅನ್ನಿ. ಕೊನೆಗೆ ಉತ್ತರ ಸಿಕ್ಕಿದ್ದು ಪಕ್ಕದ ಬೀಜದ ಅಂಗಡಿಯಲ್ಲಿ. ರೈತರು ಅಲ್ಲಿ ಒಂದು ಹಿಡಿ ಭತ್ತದ ಬೀಜ ಬಿಟ್ಟಿ ಒಯ್ಯುತ್ತಾರೆ, ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ, ಮೊಳಕೆ ಬಂದರೆ ಮೂಟೆ ಕೊಳ್ಳಲು ಬರುತ್ತಾರೆ. ಅವತ್ತು ಸೊರಬಕ್ಕೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಅಣ್ಣ, ಬಿಟ್ಟಿ ಅಂದ್ರೆ ಹಿಂಗಿರ್ಬೇಕು. ಅವ್ರ ಮನೇಲಿ ಮೊಳಕೆ ಬರ್ಬೇಕು. ಆದ್ರೆ ಅಷ್ಟ್ರಿಂದ ಗದ್ದೆ ತುಂಬಬಾರ್ದು."

ಹೀಗೆ ಎರಡು ಹಾಳೆಗಳಾದವು. ಒಂದು ವಾರದ, ಒಂದೇ ಮಾಲಿನ ಹಾಳೆ ಯಾವತ್ತಿಗೂ ಬಿಟ್ಟಿ; ಅವರವರ ಕಂಪ್ಯೂಟರಿಗೆ ಹಾಕಿಕೊಳ್ಳಲು ಪ್ರೋಗ್ರಾಂ ತುಂಬಿ ಕೊಡುವ ಫ್ಲಾಪಿಗೆ ಬಿಳಿ ಚೀಟಿ. ಎಲ್ಲ ಮಾಲು, ಎಲ್ಲ ಊರು, ಇಡೀ ವರ್ಷ ಹೋಲಿಸಿ ತೋರಿಸುವುದು ವರ್ಷದ ಹಾಳೆ. ಅದಕ್ಕೆ ವರ್ಷಕ್ಕೊಮ್ಮೆ ದುಡ್ಡು, ಅದರ ಫ್ಲಾಪಿಗೆ ಕೆಂಪು ಚೀಟಿ. ಆಮೇಲೂ ಒಬ್ಬರು ತಕರಾರು ತೆಗೆದರು. "ಬಿಳಿ ಫ್ಲಾಪಿಯೊಳಗ ವರ್ಷಪೂರ್ತಿ ಲೆಕ್ಕ ತುಂಬಿದವರು ನಾವು. ಹೋದ ತಿಂಗಳದ್ದು ನೋಡಬೇಕಂದ್ರ ನಿನಗ ರೊಕ್ಕ ಕೊಡಬೇಕೇನು? ನಮ್ಮನಿ ಬಾವಿ ನೀರು ನಮಗೇ ಮಾರ್ತೀಯಲ್ಲ." ಅವಳು ಅದಕ್ಕೆ ಎದುರಾಡಲಿಲ್ಲ. ಮೂರನೇ ದಿನ ಪ್ರೋಗ್ರಾಂ ತಿದ್ದಿದಳು. ಅವರವರು ಹಾಕಿದ ಚೀಟಿಗಳ ಪಟ್ಟಿ ಎಷ್ಟು ಹಳೆಯದಾದರೂ ಬಿಟ್ಟಿ, ಹೋಲಿಸಿ ತೋರಿಸುವುದಕ್ಕೆ ಮಾತ್ರ ದುಡ್ಡು.

"ಸೋತು ಬಂದ್ಯಲ್ಲೇ" ಎಂದೆ.

"ಸೋಲಲ್ಲ. ಪಟ್ಟಿ ಅವ್ರದು, ಹೋಲ್ಸೋ ಕೆಲ್ಸ ನಂದು. ಎಲ್ಲಿಗೆ ನಿಲ್ಬೇಕು ಅಂತ ಈಗ ಗೊತ್ತಾಯ್ತು."

"ದರ ಆದ್ರೂ ಮುಖ ನೋಡಿ ಹೇಳು. ಇದ್ದವ್ರ ಹತ್ರ ಜಾಸ್ತಿ ಕೇಳು."

"ನೀನು ಸಕ್ಕರೆಗೆ ಮುಖ ನೋಡಿ ದರ ಹೇಳ್ತೀಯ?"

"ಸಕ್ಕರೆಗೆ ಇಲ್ಲ. ಕೊಸರಿಗೆ ಮುಖ ನೋಡ್ತೀನಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಡಿಯಾರ ಮೊಣಕೈಗೆ ಜಾರಿತು.

ಸೊರಬದಲ್ಲಿ ಬಿಳಿ ಚೀಟಿಯ ಫ್ಲಾಪಿ ಹಂಚುವ ಕೆಲಸ ನನ್ನದು. ಅದನ್ನು ಮೊದಲು ಒಯ್ದವರು ಭತ್ತ, ಅಡಿಕೆ ಎರಡೂ ವ್ಯಾಪಾರವಿದ್ದ ಒಬ್ಬ ಹಿರಿಯರು. ಊರಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ. ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದ ಮನುಷ್ಯ. ಮಾತು ಕಡಿಮೆ, ಆಡಿದ ಮಾತು ಕಲ್ಲಿನ ಹಾಗೆ. ನಾಲ್ಕು ತಿಂಗಳಾದ ಮೇಲೆ ಅವರೇ ನನ್ನ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತರು.

"ನಿನ್ನ ತಂಗಿಗೆ ಹೇಳು. ವಾರದ್ದು ನೋಡಿ ನೋಡಿ ಆಸೆ ಹತ್ತಿದೆ. ವರ್ಷದ್ದು ಕೊಡ್ಲಿ. ದರ ಕೇಳಲ್ಲ, ಅವಳದ್ದು ಎಲ್ಲರಿಗೂ ಒಂದೇ ದರವಂತಲ್ಲ."

ನಾನು ಫೋನಿನ ಬೂತಿಗೆ ಹೋಗಿ ಅವಳಿಗೆ ತಿಳಿಸಿದೆ.

"ನೀನು ಹೋಗಿ ಕೇಳ್ಲಿಲ್ಲ ತಾನೇ? ಅವ್ರೇ ಬಂದ್ರಾ?"

"ಅವ್ರೇ ಬಂದ್ರು."

"ಮೊಳಕೆ ಬಂತು ಅಣ್ಣ" ಎಂದಳು. ಅಳುತ್ತಿದ್ದಳು ಎಂದು ಕಾಣುತ್ತದೆ.

ಯಜಮಾನರು ಕೊಂಡರೆಂಬ ಸುದ್ದಿ ಶಿಕಾರಿಪುರ ಮುಟ್ಟಿತು. ಅಲ್ಲಿನ ಮೂವರು, ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡುವಾಗ ನಾವೂ ತಗೊಳ್ಳುತ್ತೇವೆ ಎಂದು ಮಾತು ಕೊಟ್ಟರು. ಆ ಮೂವರು ಬಂದರೆ ಬ್ಯಾಂಕಿನ ಕಂತು, ಕೋಣೆಯ ಬಾಡಿಗೆ ಎರಡೂ ಹುಟ್ಟುತ್ತಿದ್ದವು; ಅವಳ ಕೋಣೆ ಉಳಿಯುತ್ತಿತ್ತು. ಬರದಿದ್ದರೆ ಬಾಗಿಲು ಹಾಕಬೇಕು. ಅಷ್ಟು ಅವಳು ನನಗೆ ಬಿಡಿಸಿ ಹೇಳಿದ್ದಳು.

ಆ ವಾರ ಅವಳು ಬಂದು ನನ್ನ ಕೈಗೆ ಒಂದು ರಟ್ಟಿನ ಡಬ್ಬಿ ಕೊಟ್ಟಳು. ಹತ್ತು ಬಿಳಿ, ಎರಡು ಕೆಂಪು.

"ಒಂದು ಕೆಂಪು ಯಜಮಾನ್ರಿಗೆ. ಇನ್ನೊಂದು ನಿನ್ನ ಹತ್ರ ಇರ್ಲಿ. ಫ್ಲಾಪಿ ನಂಬೋಕಾಗಲ್ಲ, ಕೆಟ್ಟೋಗತ್ತೆ. ಅವ್ರದ್ದು ಕೆಟ್ರೆ ಅವ್ರಿಗೇ ಕೊಡೋಕೆ. ಬೇರೆ ಯಾರಿಗೂ ಅಲ್ಲ, ತಿಳೀತಾ?"

"ಗೊತ್ತಾಯ್ತು ಹೋಗೇ. ನಾನೇನು ನಿನ್ನೆ ವ್ಯಾಪಾರ ಶುರು ಮಾಡಿದವನಾ?"

ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಜಡೆಯ ಅಕ್ಕಿ ಗಿರಣಿಯ ಮಾಲೀಕರು ಮಗಳ ಮದುವೆಯ ಸಾಮಾನಿಗೆ ನನ್ನ ಅಂಗಡಿಗೆ ಬಂದರು. ಸಾಮಾನಿನ ಚೀಟಿಯೇ ಒಂದು ಮೊಳ. ತೂಗಿ ಕಟ್ಟುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು, ಪೂರ್ತಿ ದುಡ್ಡು ಕೈಮೇಲೆ ಇಟ್ಟರು. ನಾನು ಕೊಸರಿಗೆ ಒಂದು ಉಂಡೆ ಬೆಲ್ಲ, ಒಂದಿಷ್ಟು ಏಲಕ್ಕಿ ಹಾಕಿದೆ.

"ಇಷ್ಟೇನಾ ಮಾರಾಯ? ವ್ಯಾನು ತುಂಬ ಮಾಲು ತಗಂಡಿದೀನಿ, ಇಲಿಗೆ ಹಾಕಿದ ಹಾಂಗೆ ಹಾಕ್ತೀಯಲ್ಲ!"

ಅಂಗಡಿಯಲ್ಲಿದ್ದವರು ನಕ್ಕರು. ಅವರ ಕಣ್ಣು ರಟ್ಟಿನ ಡಬ್ಬಿಯ ಮೇಲೆ ಬಿತ್ತು. "ಅದೇ ಅಲ್ವನಾ ನಿನ್ನ ತಂಗಿ ಕಂಪ್ಯೂಟರ್ದು? ನಮ್ಮ ಅಳಿಯ ಆಗೋನು ಒಂದು ಕಂಪ್ಯೂಟರ್ ತಂದು ಗಿರಣೀಲಿ ಇಟ್ಟಿದಾನೆ, ತೌಡು ತಿಂತಾ ಕೂತಿದೆ. ಅದೊಂದು ಹಾಕು ಕೊಸರಿಗೆ."

ನಾನು ಬಿಳಿ ಚೀಟಿಯದನ್ನು ಎತ್ತಿ ಕೊಟ್ಟೆ. ಅವರು ತಿರುಗಿಸಿ ನೋಡಿ ಗಲ್ಲಾದ ಮೇಲಿಟ್ಟರು.

"ಇದು ಎಲ್ಲಾರಿಗೂ ಬಿಟ್ಟಿ ಕೊಡೋದಲ್ವಾ? ಬಿಟ್ಟಿದನ್ನ ಹಾಕಿದ್ರೆ ಅದು ಕೊಸರು ಹೆಂಗಾತು?"

ಆ ಮಾತು ನನಗೆ ನಾಟಿತು. ನಮ್ಮ ವ್ಯಾಪಾರದಲ್ಲಿ ಅದು ಸರಿಯಾದ ಮಾತೇ. ಬೆಲೆ ಇರುವ ಮಾಲಿನಿಂದ ತೆಗೆದು ಹಾಕಿದರೆ ಕೊಸರು. ನೆಲಕ್ಕೆ ಬಿದ್ದದ್ದನ್ನು ಎತ್ತಿ ಹಾಕಿದರೆ ಅವಮಾನ. ನಾಲ್ಕು ಜನರ ಮುಂದೆ ದೊಡ್ಡ ಗಿರಾಕಿಗೆ ನಾನು ಅವಮಾನ ಮಾಡಿದ ಹಾಗಾಯಿತು ಅನ್ನಿಸಿತು. ಬಿಳಿಯದನ್ನು ಹಿಂದಕ್ಕೆ ತೆಗೆದುಕೊಂಡು ಕೆಂಪು ಚೀಟಿಯದನ್ನು ಅವರ ಚೀಲಕ್ಕೆ ಹಾಕಿದೆ. ಒಂದು ಬಿಸ್ಕತ್ತಿನಷ್ಟೂ ತೂಕವಿರಲಿಲ್ಲ. ತೂಕವೇ ಇಲ್ಲದ್ದು ಹೋದರೆ ಎಷ್ಟು ಹೋದೀತು ಎಂದುಕೊಂಡೆ. ಬೆಲ್ಲದ ಚೂರು ಒಬ್ಬರ ಚೀಲಕ್ಕೆ ಬಿದ್ದರೆ ಅಲ್ಲಿಗೆ ಮುಗಿಯುತ್ತದೆ, ತಿನ್ನುತ್ತಾರೆ, ಕರಗುತ್ತದೆ. ಇದು ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಎಷ್ಟು ಜನ ತಿಂದರೂ ಕರಗದ ಬೆಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಇದು ನನ್ನ ದಡ್ಡತನ. ಇದಕ್ಕೆ ಕ್ಷಮೆ ಕೇಳಬಹುದಿತ್ತು, ಅವಳು ಬೈದು ಕ್ಷಮಿಸುತ್ತಿದ್ದಳು. ಆಮೇಲೆ ಮಾಡಿದ್ದು ದಡ್ಡತನವಲ್ಲ.

ಒಂದು ತಿಂಗಳು ಕಳೆದಿತ್ತು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಐದಾರು ಜನ ಇದ್ದರು. ತಂಗಿ ಬಸ್ಸಿಳಿದು ನೇರ ಒಳಗೆ ಬಂದಳು. ಚೀಲದಿಂದ ಒಂದು ಹಾಳೆ ತೆಗೆದು ಗಲ್ಲಾದ ಮೇಲೆ ಬಿಡಿಸಿಟ್ಟಳು. ಅದು ವರ್ಷದ ಹಾಳೆ. ಹಾಳೆಯ ನೆತ್ತಿಯ ಮೇಲೆ ಯಜಮಾನರ ಅಂಗಡಿಯ ಹೆಸರಿತ್ತು.

"ಕೆಂಪು ಫ್ಲಾಪಿ ತಗೊಂಡವ್ರ ಹೆಸ್ರು ಹಾಳೆ ಮೇಲೆ ಅಚ್ಚಾಗೋ ಹಂಗೆ ಮಾಡಿದೀನಿ ಅಣ್ಣ. ಈ ಹಾಳೆ ಇದ್ದದ್ದು ಕುಪ್ಪಗಡ್ಡೆಯವ್ರೊಬ್ರ ಕೈಲಿ. ಯಾರೋ ಕೊಟ್ರು ಅಂತಾರೆ. ಶಿಕಾರಿಪುರದ ಮೂರೂ ಜನ, ಸೊರಬದಲ್ಲಿ ಬಿಟ್ಟಿ ಸಿಗತ್ತಂತೆ, ನಿಂಗ್ಯಾಕೆ ದುಡ್ಡು ಕೊಡ್ಬೇಕು ಅಂತಿದಾರೆ." ಅವಳು ಕೈ ಕೊಡವಿ ಗಡಿಯಾರ ಕೆಳಗೆ ತಂದುಕೊಂಡಳು. "ನಿನ್ನ ಹತ್ರ ಇದ್ದ ಇನ್ನೊಂದು ಕೆಂಪು ಫ್ಲಾಪಿ ಎಲ್ಲಿ?"

ಐದಾರು ಜನ ನನ್ನ ಮುಖ ನೋಡುತ್ತಿದ್ದರು. ಅವಳು ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಾನು ಎತ್ತಿ ಆಡಿಸಿದವಳು. ನನ್ನ ಅಂಗಡಿಯಲ್ಲಿ ನಿಂತು ನನ್ನನ್ನು ಲೆಕ್ಕ ಕೇಳುತ್ತಿದ್ದಳು.

"ಎರಡೂ ಯಜಮಾನ್ರಿಗೇ ಕೊಟ್ಟೆ" ಎಂದೆ. "ಅವ್ರೇ ಕೇಳಿದ್ರು, ಅದೂ ನನ್ನ ಹತ್ರಾನೇ ಇರ್ಲಿ ಅಂತ."

"ನಿಜ ಹೇಳು ಅಣ್ಣ. ಕೊಸರು ಗಿಸರು ಹಾಕ್ಲಿಲ್ವಲ್ಲ?"

"ಏನು ಮಾತು ಅಂತ ಆಡ್ತೀಯ? ನನ್ನ ಮೇಲೆ ನಂಬಿಕೆ ಇಲ್ವಾ?"

ಅವಳ ಮುಖ ಸಡಿಲವಾಯಿತು. "ನಿನ್ನ ಮೇಲೆ ಇಲ್ದೆ ಏನು" ಎಂದಳು. ಹಾಳೆಯನ್ನು ಮಡಚಿಕೊಂಡು ಯಜಮಾನರ ಅಂಗಡಿಯ ಕಡೆ ನಡೆದಳು. ನಾನು ಅವಳನ್ನು ಕೂಗಬಹುದಿತ್ತು. ರಸ್ತೆ ದಾಟುವಾಗ ಒಂದು ಎತ್ತಿನ ಗಾಡಿಗಾಗಿ ನಿಂತಳು, ಅಷ್ಟು ಹೊತ್ತಿತ್ತು. ನಾನು ತಕ್ಕಡಿಗೆ ತೂಕದ ಬಟ್ಟು ಇಡುತ್ತ ನಿಂತೆ.

ಅಲ್ಲಿ ನಡೆದದ್ದು ಆಮೇಲೆ ಬೇರೆಯವರಿಂದ ತಿಳಿಯಿತು. ಅವಳು ಮೆತ್ತಗೇ ಕೇಳಿದ್ದಳಂತೆ, ಯಜಮಾನರೇ ನಿಮ್ಮಿಂದ ಇದು ಬೇರೆಯವರ ಕೈಗೆ ಹೋಯಿತೇ ಎಂದು. ಯಜಮಾನರು ಜಗಳ ಮಾಡಲಿಲ್ಲ. ತಮ್ಮ ಫ್ಲಾಪಿಯನ್ನು ತಂದು ಅವಳ ಮುಂದಿಟ್ಟರು. "ಐವತ್ತು ವರ್ಷ ವ್ಯಾಪಾರ ಮಾಡಿದೀನಿ, ಹೀಗೆ ಯಾರೂ ಕೇಳಿರ್ಲಿಲ್ಲ. ಇದು ನಿಂದು, ತಗೊಂಡು ಹೋಗು. ಕೊಟ್ಟ ದುಡ್ಡು ವಾಪಸ್ ಬೇಡ" ಎಂದರು. ಆ ಮಾತು ಅವಳಿಗಿಂತ ಮೊದಲು ಶಿಕಾರಿಪುರಕ್ಕೆ ಹೋಯಿತು. ದುಡ್ಡು ಕೊಟ್ಟು ಕೊಂಡವರನ್ನೇ ಕಳ್ಳರು ಅನ್ನುತ್ತಾಳೆ ಎಂದು ಮಂಡಿಯವರು ಮಾತಾಡಿಕೊಂಡರು. ಬಿಟ್ಟಿ ಫ್ಲಾಪಿಯಿಂದ ಅವಳಿಗೆ ನಷ್ಟವಾಗುತ್ತಿತ್ತು, ನಿಜ. ಮುಂದಿನ ವರ್ಷದ ಲೆಕ್ಕಕ್ಕೆ ಹೊಸ ಫ್ಲಾಪಿ ಬೇಕಾಗುವಾಗ ಅವರೆಲ್ಲ ಅವಳ ಬಾಗಿಲಿಗೇ ಬರಬೇಕಿತ್ತು. ಅವಳು ತಡೆದುಕೊಳ್ಳುತ್ತಿದ್ದಳು. ನನ್ನ ಸುಳ್ಳಿನಿಂದ ಅವಳ ಮಾತಿಗೇ ಬೆಲೆ ಹೋಯಿತು. ಅದನ್ನು ತಡೆದುಕೊಳ್ಳುವ ದಾರಿ ಇರಲಿಲ್ಲ.

ದೀಪಾವಳಿಗೆ ಆ ಮೂವರು ಬರಲಿಲ್ಲ. ಅವಳು ಕೋಣೆ ಖಾಲಿ ಮಾಡಿದಳು, ಕಂಪ್ಯೂಟರ್ ಮಾರಿ ಬ್ಯಾಂಕಿನದನ್ನು ತೀರಿಸಿದಳು. ಶಿಕಾರಿಪುರದ ತಾಲೂಕು ಕಚೇರಿಯ ಎದುರು ಒಂದು ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಬಡಿಯುವ ಕೆಲಸಕ್ಕೆ ಕೂತಳು; ಕೊನೆಯವರೆಗೂ ವರ್ಷಗಟ್ಟಲೆ ಅಲ್ಲೇ ಇದ್ದಳು. ಪಹಣಿ ತಿದ್ದುಪಡಿಗೆ, ವಿಧವಾ ವೇತನಕ್ಕೆ, ಖಾತೆ ಬದಲಾವಣೆಗೆ ಅರ್ಜಿ ಬರೆಸಲು ಜನ ಬರುತ್ತಿದ್ದರು. ಅಲ್ಲೂ ಅವಳು ಎರಡು ದರ ಮಾಡಿದ್ದಳಂತೆ. ಅರ್ಜಿಗೆ ದುಡ್ಡು, ಯಾವ ಕಾಗದ ಯಾವ ಕಿಟಕಿಗೆ ಕೊಡಬೇಕು ಎಂದು ಹೇಳುವುದಕ್ಕೆ ಇಲ್ಲ.

ಹಬ್ಬಕ್ಕೆ ಬಂದಾಗ ಮನೆಗೆ ಬೇಕಾದ ಸಾಮಾನನ್ನು ಅವಳು ನನ್ನಿಂದಲೇ ದುಡ್ಡು ಕೊಟ್ಟು ಒಯ್ಯುತ್ತಿದ್ದಳು, ಎಷ್ಟು ಬೇಡವೆಂದರೂ ಕೇಳುತ್ತಿರಲಿಲ್ಲ. ಒಮ್ಮೆ ಅವಳ ಚೀಲಕ್ಕೆ ಒಂದು ಹಿಡಿ ಗೋಡಂಬಿ ಹಾಕಿದೆ. ಅವಳು ಅದನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ವಾಪಸ್ ಹಾಕಿದಳು. "ಬೇಡ ಅಣ್ಣ, ತೂಕ ಸರಿಯಾಗಿದೆ" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇವಳಿಗೆ ಗೊತ್ತಿದೆಯೇ ಎಂದು ಆ ಕ್ಷಣ ಅನ್ನಿಸಿತು. ಗೊತ್ತಿದ್ದರೆ ಬೈಯುತ್ತಿದ್ದಳು ಎಂದು ಸಮಾಧಾನ ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಹೇಳಬೇಕೆಂದು ಮೂರು ಸಲ ಹೋದೆ. ಕಣ್ಣು, ಅಂಗೈ ಎಲ್ಲ ಅರಿಶಿನವಾಗಿತ್ತು. ಅಪ್ಪನ ಗಡಿಯಾರ ಬಿಚ್ಚಿ ದಿಂಬಿನ ಪಕ್ಕ ಇಟ್ಟಿದ್ದರು. ಮೂರನೇ ಸಲ ಅವಳ ಕೈ ಹಿಡಿದುಕೊಂಡು, "ಪುಟ್ಟೀ, ಒಂದು ಮಾತು" ಎಂದೆ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅಂಗಡೀಲಿ ಯಾರಿದಾರೆ?"

"ನಿನ್ನ ಅತ್ತಿಗೆ."

"ಹೋಗು. ಸಂತೆ ದಿನ ಅವ್ಳೊಬ್ಳಿಗೇ ಆಗಲ್ಲ."

ನಾನು ಎದ್ದು ಬಂದೆ. ಹೇಳದಿದ್ದಕ್ಕೆ ನನಗೆ ಒಂದು ನೆಪ ಸಿಕ್ಕಿತ್ತು. ಆ ನೆಪವನ್ನು ಕೊಟ್ಟವಳು ಅವಳೇ ಎಂದು ಈಗ ಅನ್ನಿಸುತ್ತದೆ.

ಅವಳ ಶಿವಗಣಾರಾಧನೆಗೆ ಯಜಮಾನರು ಬಂದರು. ನಾನು ಅವರನ್ನು ಕರೆದಿರಲಿಲ್ಲ, ಕರೆಯುವ ಮುಖ ಇರಲಿಲ್ಲ. ಅವಳ ಫೋಟೋದ ಮುಂದೆ ಅವರು ಬಹಳ ಹೊತ್ತು ಕೈಮುಗಿದು ನಿಂತರು, ಪ್ರಸಾದ ತೆಗೆದುಕೊಂಡರು, ನನ್ನ ಜೊತೆ ಮಾತಾಡದೆ ಹೋದರು. ತಮ್ಮನ್ನು ಕಳ್ಳನ ಹಾಗೆ ಕೇಳಿದವಳ ಮುಂದೆ ಈ ಮನುಷ್ಯ ಯಾಕೆ ಕೈಮುಗಿದರು ಎಂಬುದು ನನಗೆ ಬಗೆಹರಿಯಲಿಲ್ಲ. ಒಂದು ವಾರ ತಡೆದೆ. ಆಮೇಲೆ ಅಂಗಡಿ ತೆರೆಯುವ ಮೊದಲು ಬೆಳಿಗ್ಗೆಯೇ ಅವರ ಅಂಗಡಿಗೆ ಹೋದೆ. ಅವರು ಮೇಜಿನ ಮುಂದೆ ಕೂತಿದ್ದರು. ನಿಂತೇ ಹೇಳಿದೆ.

"ಯಜಮಾನ್ರೇ, ಆ ಫ್ಲಾಪಿ ಹೊರಗೆ ಕೊಟ್ಟವನು ನಾನು. ಜಡೆಯವ್ರಿಗೆ ಕೊಸರಿಗೆ ಹಾಕ್ದೆ. ತಂಗಿ ಕೇಳಿದಾಗ ನಿಮ್ಮ ಮೇಲೆ ಹಾಕ್ದೆ."

"ಗೊತ್ತು" ಎಂದರು. "ಕೂತ್ಕ."

ಕೂತೆ.

"ನಿನ್ನ ತಂಗಿ ಕೋಣೆ ಖಾಲಿ ಮಾಡೋಕೆ ಮುಂಚೆ ಇಲ್ಲಿಗೆ ಬಂದಿದ್ಲು. ನೀ ಕೂತಲ್ಲೇ ಕೂತಿದ್ಲು. ಕುಪ್ಪಗಡ್ಡೆಗೆ ಹೋಗಿ, ಅಲ್ಲಿಂದ ಜಡೆಗೆ ಹೋಗಿ, ಒಬ್ಬೊಬ್ಬರನ್ನೇ ಕೇಳಿ ಎಲ್ಲ ತಿಳ್ಕೊಂಡು ಬಂದಿದ್ಲು. 'ತಪ್ಪು ನಮ್ಮನೇದು, ನಿಮ್ಮನ್ನ ಕೇಳಬಾರದ್ದು ಕೇಳಿದೆ' ಅಂತ ಕಾಲು ಮುಟ್ಟಿದ್ಲು. ನಾ ಅಂದೆ, ಆಯ್ತು ಮಗಾ, ನಾಳೆ ನಾನೇ ಶಿಕಾರಿಪುರಕ್ಕೆ ಬರ್ತೀನಿ. ಮಂಡಿಯವ್ರನ್ನೆಲ್ಲ ಕೂರಿಸ್ಕೊಂಡು, ಈ ಹುಡುಗಿದು ಏನೂ ತಪ್ಪಿಲ್ಲ ಅಂತ ಹೇಳ್ತೀನಿ. ನಾನು ಹೇಳಿದ್ರೆ ಕೇಳ್ತಾರೆ, ನಿನ್ನ ಕೋಣೆ ನಡೀತದೆ. ಬೇಡ ಅಂದ್ಲು."

"ಯಾಕೆ?"

ಅವರು ನನ್ನ ಕಡೆ ನೋಡಲಿಲ್ಲ. ರಸ್ತೆ ನೋಡುತ್ತ ಹೇಳಿದರು. "'ನಿಮ್ಮ ತಪ್ಪಿಲ್ಲ, ನನ್ನ ತಪ್ಪಿಲ್ಲ ಅಂದ್ರೆ, ಹಂಗಾದ್ರೆ ಯಾರದ್ದು ಅಂತ ಕೇಳ್ತಾರೆ ಯಜಮಾನ್ರೇ. ಅಣ್ಣನ ಅಂಗಡಿ ನಡೆಯೋದು ಅವ್ನ ಮಾತಿನ ಮೇಲೆ. ನನ್ನ ಹಾಳೆ ಹೋದ್ರೆ ಟೈಪು ಮಾಡ್ಕೊಂಡು ಬದುಕ್ತೀನಿ. ಅವ್ನು ಆರನೇ ಕ್ಲಾಸಿಗೆ ಬಿಟ್ಟವ್ನು. ಆ ಅಂಗಡಿ ಬಿಟ್ರೆ ಅವ್ನಿಗೆ ಏನಿದೆ?' ಅಂದ್ಲು."

ಹೊರಗೆ ಯಾರೋ ಭತ್ತದ ಮೂಟೆ ಇಳಿಸುತ್ತಿದ್ದರು. ಯಜಮಾನರು ಮೇಜಿನ ಡ್ರಾಯರು ಎಳೆದು ಒಂದು ಫ್ಲಾಪಿ ತೆಗೆದರು. ಕೆಂಪು ಚೀಟಿ. ಚೀಟಿಯ ಮೇಲೆ ಪೆನ್ಸಿಲಿನ ಸಣ್ಣ ಅಕ್ಷರದಲ್ಲಿ ಅವರ ಅಂಗಡಿಯ ಹೆಸರು, ಕೆಳಗೆ ಅವಳು ಕೋಣೆ ಬಿಟ್ಟ ಮರುವರ್ಷದ ಇಸವಿ.

"ಅವತ್ತು ಇದನ್ನ ಇಟ್ಟು ಹೋದ್ಲು. ದುಡ್ಡು ಕೊಡಕ್ಕೆ ಹೋದ್ರೆ ತಗೊಳ್ಲಿಲ್ಲ. 'ಇದು ಕೊಸರು' ಅಂತ ನಕ್ಕಳು."

ನಾನು ಕೈ ಚಾಚಿದೆ. ಒಂದು ಸಲ ಮುಟ್ಟಬೇಕೆನಿಸಿತ್ತು. ಸಾಧ್ಯವಾದರೆ ಬೇಡಿ ಮನೆಗೆ ಒಯ್ಯಬೇಕೆಂದಿದ್ದೆ. ಅವಳ ಅಕ್ಷರ ನನ್ನ ಬಳಿ ಬೇರೆಲ್ಲೂ ಇಲ್ಲ.

ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡರು.

"ಇದನ್ನ ನಿಂಗೆ ಕೊಡಲ್ಲ ಮಾರಾಯ. ಅವ್ಳು ಯಾರಿಗೆ ಅಂತ ಕೊಟ್ಲೋ ಅವ್ರ ಹತ್ರಾನೇ ಇರ್ಲಿ."

ಫ್ಲಾಪಿಯನ್ನು ಡ್ರಾಯರಿಗೆ ಹಾಕಿ ಮೆಲ್ಲಗೆ ಮುಚ್ಚಿದರು. ಹೊರಗೆ ಮೂಟೆ ಇಳಿಸಿ ಆಗಿತ್ತು. ಅವರು ಚೀಟಿ ಬರೆಯಲು ಪೆನ್ನು ತೆಗೆದುಕೊಂಡರು. ನಾನು ಎದ್ದು ನನ್ನ ಅಂಗಡಿಯ ಬಾಗಿಲು ತೆಗೆಯಲು ಬಂದೆ.